ಟೋಕಿಯೊಗೆ ಹೊರಟ ಮಗಳಿಗೆ

ಪುಟ್ಟಿ,

ವೀಸಾ ಬಂತು ಅಂತ ಅಮ್ಮ ಹೇಳಿದಳು. ಮೊನ್ನೆ ಕೂಗಾಡಿದ್ದಕ್ಕೆ ಬೇಜಾರಿದೆ, ಕೇಳಿದ ಪ್ರಶ್ನೆಗಲ್ಲ. ಇದ್ದ ಕೆಲಸ ಬಿಟ್ಟು ಮರದಚ್ಚಿನ ಚಿತ್ರ ಕಲಿಯೋಕೆ ಹೊರಟರೆ ಹೊಟ್ಟೆಗೇನು ಅಂತ ಅಪ್ಪ ಕೇಳದೆ ಇನ್ಯಾರು ಕೇಳಬೇಕು?

ಮೇಜಿನ ಮೇಲೆ ನೀನು ಬಿಟ್ಟಿದ್ದ, ಜಪಾನಿನ ಮರದಚ್ಚಿನ ಚಿತ್ರಕಾರ ಕವಾಸೆ ಹಸುಯಿ ಬಗ್ಗೆ ಇರುವ ಪುಸ್ತಕ ಓದಿದೆ. ನಾನು ಓದಲಿ ಅಂತಲೇ ಬಿಟ್ಟಿದ್ದು, ಅಲ್ವಾ? ಅವರ ಮನೆಯಲ್ಲೂ ಚಿತ್ರ ಬೇಡ, ವ್ಯಾಪಾರ ನೋಡಿಕೋ ಅಂದರಂತೆ. ವ್ಯಾಪಾರ ಮುಳುಗಿದ ಮೇಲೆ ಚಿತ್ರ ಕಲಿಯೋಕೆ ಕಿಯೊಕಟ ಗುರುಗಳ ಹತ್ತಿರ ಹೋದರೆ, ವಯಸ್ಸಾಯ್ತು ಅಂತ ಮೊದಲು ಸೇರಿಸಿಕೊಳ್ಳಲಿಲ್ಲ. ನಿನಗೆ ಅನುಕೂಲದ ಕತೆ, ಒಪ್ಪಿದೆ.

ನನಗೆ ನಿದ್ದೆ ಕೆಡಿಸಿದ ಪುಟ ಬೇರೆ. 1923ರ ಸೆಪ್ಟೆಂಬರ್ 1, ಮಧ್ಯಾಹ್ನ 12ಕ್ಕೆ ಎರಡು ನಿಮಿಷ ಇರುವಾಗ ಟೋಕಿಯೊದಲ್ಲಿ ನೆಲ ನಡುಗಿತು. ಊಟದ ಹೊತ್ತು, ಮನೆಮನೆಯಲ್ಲೂ ಒಲೆ. ಬೆಂಕಿ ಹಬ್ಬಿತು. ಹಸುಯಿ ಚಿತ್ರಗಳ ಪ್ರಕಾಶಕ ವತನಾಬೆ ಅವರ ಅಚ್ಚಿನ ಹಲಗೆಗಳು ಹೋದವು. ಹಸುಯಿ ಮನೆ ಹೋಯಿತು, ಜೊತೆಗೆ 188 ಸ್ಕೆಚ್ ಪುಸ್ತಕ. ಊರೂರು ಅಲೆದು ಬರೆದುಕೊಂಡಿದ್ದು! 188. ಅಮ್ಮ ಲೈಟ್ ಆರಿಸಿ ಅಂತ ಗೊಣಗಿದರೂ ಮತ್ತೆ ಅದೇ ಪುಟ ತೆಗೆದೆ. ಆಮೇಲೆ ಅವರು ಮತ್ತೆ ಊರೂರು ಸುತ್ತಿದರು, 1925ರಲ್ಲಿ ಜೊಜೊಜಿ ದೇವಸ್ಥಾನದ ಚಿತ್ರ ಮಾಡಿದರು ಅಂತ ನೀನು ಹೇಳುತ್ತೀಯ. ನೋಡಿದೆ. ಸುರಿಯುವ ಹಿಮ, ಕೆಂಪು ದೇವಸ್ಥಾನ, ಕೊಡೆ ಬಗ್ಗಿಸಿ ನಡೆಯುವ ಹೆಂಗಸು. ಚೆನ್ನಾಗಿದೆ. ಆದರೂ ಸುಟ್ಟು ಹೋದದ್ದು ವಾಪಸ್ ಬರಲಿಲ್ಲವಲ್ಲ.

ಅದಕ್ಕೇ ಹೇಳುತ್ತೇನೆ, ಕೇಳು. ಮಲಗುವಾಗ ಹಾಸಿಗೆ ಪಕ್ಕ ಶೂ ಇರಲಿ, ಟಾರ್ಚ್ ಇರಲಿ. ಬೀರು ಪಕ್ಕ ಮಲಗಬೇಡ. ಬರೆದ ಪ್ರತಿ ಪುಟದ ಫೋಟೊ ತೆಗೆದು ಅವತ್ತೇ ನನಗೆ ಕಳಿಸು. ಲೆಕ್ಚರ್ ಕೊಡಬಾರದು ಅಂತಲೇ ಬರೆಯೋಕೆ ಕೂತೆ, ನೋಡು.

ಇನ್ನೊಂದು. ಹಸುಯಿ ಚಿತ್ರ ಬರೆದರು. ಕೆತ್ತಿದವರು, ಅಚ್ಚು ಹಾಕಿದವರು ಬೇರೆ, ಅವರ ಹೆಸರು ಎಷ್ಟು ಜನಕ್ಕೆ ಗೊತ್ತು? ನೀನು ಹೋಗುತ್ತಿರುವುದು ಅಚ್ಚು ಹಾಕೋಕೆ. ಸಂಬಳ ಎಷ್ಟು ಅಂತ ಮೊದಲೇ ಬಾಯಿಬಿಟ್ಟು ಕೇಳು, ನಾಚಿಕೆ ಬೇಡ.

ಹಾಗಂತ ನಿನ್ನ ಕೈ ಮೇಲೆ ನನಗೆ ಅನುಮಾನ ಇಲ್ಲ. ಹಲಗೆಯಲ್ಲಿ ಕಾಗದ ಸರಿಯಾಗಿ ಕೂರಲಿ ಅಂತ ಕೆತ್ತಿದ ಕೆಂಟೊ ಗುರುತಿಗೆ ಒದ್ದೆ ಕಾಗದದ ಮೂಲೆ ಕೂರಿಸಿ, ಬಿದಿರಿನ ಪೊರೆ ಸುತ್ತಿದ ಬರೆನ್ ಅನ್ನೋ ಉಜ್ಜುವ ಬಿಲ್ಲೆ ಹಿಡಿದು ನೀನು ಉಜ್ಜುತ್ತಿದ್ದಾಗ ಬಾಗಿಲಲ್ಲಿ ನಿಂತಿದ್ದೆ. ನೀಲಿ ಬಣ್ಣ ಗೆರೆ ದಾಟಲಿಲ್ಲ. ಆ ಚಿತ್ರ ಆಫೀಸಿನಲ್ಲಿ ಎಲ್ಲರಿಗೂ ತೋರಿಸಿದ್ದೇನೆ. ಒಬ್ಬರು ಕೊಳ್ಳುತ್ತೇನೆ ಅಂದರು, ನಾನು ಕೊಡಲಿಲ್ಲ.

ದುಡ್ಡು ಸಾಲದಿದ್ದರೆ ಅಣ್ಣನನ್ನು ಕೇಳಬೇಡ, ಅವನಿಗೆ ಮನೆ ಸಾಲ ಇದೆ. ನನಗೇ ಫೋನ್ ಮಾಡು, ಅಮ್ಮನ ಕೈಲಿ ಹೇಳಿಸಬೇಡ.

ಅಪ್ಪ