ಪಕ್ಕದ ಪಾತ್ರಕ್ಕೂ ಒಂದು ಕತೆ ಇರಲಿ

ಮಾನ್ಯರೇ,

ಇತ್ತೀಚಿನ ಎಷ್ಟೋ ದೊಡ್ಡ ಸಿನಿಮಾಗಳಲ್ಲಿ ಹೀರೊ ಸುತ್ತ ಇರುವವರಿಗೆ ಸ್ವಂತ ಬದುಕೇ ಇಲ್ಲ. ಗೆಳೆಯ ಬರುವುದು ಹೀರೊನನ್ನು ಹೊಗಳೋಕೆ, ಅಮ್ಮ ಬರುವುದು ಅಳೋಕೆ. ನೋಡಿ ಬೇಜಾರಾಗುತ್ತದೆ.

1972ರಲ್ಲಿ ಬಂದ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ನೆನಪಿಸಿಕೊಳ್ಳಿ. ಅದು ಹೀರೊ ರಾಮಾಚಾರಿಯ ಕತೆ, ನಿಜ. ಆದರೆ ಅಂಬರೀಶ್ ಮಾಡಿದ ಜಲೀಲ ಹಾಗೆ ಅಂದುಕೊಂಡೇ ಇಲ್ಲ! ರಾಮಾಚಾರಿ ಪ್ರೀತಿಸುವ ಅಲಮೇಲುವಿನ ದಾರಿಗೆ ಅಡ್ಡ ನಿಂತು ‘ಬುಲ್ ಬುಲ್ ಮಾತಾಡಕಿಲ್ವಾ’ ಅನ್ನುವಾಗ ಇಡೀ ಊರು ತನ್ನನ್ನೇ ನೋಡುತ್ತಿದೆ ಎಂಬ ಗತ್ತು ಅವನದು. ಇರುವುದು ಕೆಲವೇ ದೃಶ್ಯ. ಅಂಬರೀಶರಿಗೆ ಅದು ಮೊದಲ ಸಿನಿಮಾ ಬೇರೆ. ಐವತ್ತು ವರ್ಷ ದಾಟಿದರೂ ಆ ಮಾತು ಜನರ ಬಾಯಲ್ಲಿದೆ.

ಇನ್ನು ಕೆ.ಎಸ್. ಅಶ್ವಥ್ ಅವರ ಚಾಮಯ್ಯ ಮೇಷ್ಟ್ರು. ಶಿಷ್ಯನನ್ನು ಕಾಪಾಡುವುದು ತನ್ನ ಕೈಯಲ್ಲೇ ಇದೆ ಅಂತ ಅವರು ಮನಸಾರೆ ನಂಬಿದ್ದಾರೆ. ಅಲಮೇಲುವನ್ನು ಬಿಟ್ಟುಬಿಡು ಅಂತ ರಾಮಾಚಾರಿಯನ್ನು ಒಪ್ಪಿಸುವಾಗಲೂ ಒಳ್ಳೇದೇ ಮಾಡುತ್ತಿದ್ದೇನೆ ಅನ್ನುವ ಭರವಸೆ. ಕೊನೆಗೆ ಬೆಟ್ಟದ ಮೇಲೆ, ರಾಮಾಚಾರಿ ಆಮೇಲೆ ಪ್ರೀತಿಸಿದ ಮಾರ್ಗರೆಟ್ ವಿಷಯಕ್ಕೆ ಹಟ ಹಿಡಿದು ಪ್ರಾಣ ಕಳೆದುಕೊಳ್ಳುವುದೂ ಅದೇ ನಂಬಿಕೆಯಿಂದ. ಮೇಷ್ಟ್ರ ಕಡೆಯಿಂದ ನೋಡಿದರೆ ಅದು ಬೇರೆಯೇ ಸಿನಿಮಾ, ಅಲ್ವಾ? ಅವರು ತಪ್ಪು ಮಾಡಿದರೂ ನಮಗೆ ಕೋಪಕ್ಕಿಂತ ಸಂಕಟವೇ ಜಾಸ್ತಿ ಆಗುವುದು ಅದಕ್ಕೇ.

ಇದಕ್ಕೆ ದೊಡ್ಡ ಬಜೆಟ್ ಏನೂ ಬೇಡ. ಬರೆಯುವವರು ಪ್ರತಿ ಪಾತ್ರವನ್ನೂ ಕೂರಿಸಿಕೊಂಡು ‘ನಿನಗೇನು ಬೇಕಪ್ಪಾ’ ಅಂತ ಕೇಳಬೇಕು. ರಂಗಭೂಮಿಯಿಂದ ಬಂದ ಒಳ್ಳೊಳ್ಳೆ ಕಲಾವಿದರು ನಮ್ಮಲ್ಲಿದ್ದಾರೆ. ನಿರ್ದೇಶಕರೇ, ಅವರನ್ನು ಸುಮ್ನೆ ಹೀರೊ ಹಿಂದೆ ನಿಲ್ಲಿಸಬೇಡಿ.

– ಒಬ್ಬ ಪ್ರೇಕ್ಷಕಿ, ಹಾಸನ