ಕೈ ಜಾರುತ್ತದೆಂದು ಬರೆದಿದ್ದೀಯಲ್ಲ

ಶಿರ್ವ

ಪ್ರೀತಿಯ ಮಗಳೇ,

ಬೇರೆ ಸಮಾಚಾರವೆಲ್ಲ ನಿನ್ನ ಅಮ್ಮ ಹೇಳಿದ್ದಾಳೆ. ಕಾಗದದ ಕೊನೆಗೆ ನೀನು ಬರೆದ ಒಂದು ಮಾತು ಮಾತ್ರ ನನ್ನನ್ನು ಬಿಡುತ್ತಿಲ್ಲ. ರಾತ್ರಿ ಬೆರಳು ಜೋಮು ಹಿಡಿದು ಎಚ್ಚರವಾಗುತ್ತದೆ, ಬೆಳಿಗ್ಗೆ ಲೋಟ ಕೈಜಾರಿತು, ನಾಳೆ ಮಗುವೂ ಹೀಗೇ ಜಾರಿದರೆ ಎಂದೆಯಲ್ಲ, ಅದು.

ಕಿರುಬೆರಳಿಗೂ ಜೋಮು ಉಂಟಾ? ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಒಂದು ಪಕ್ಕ, ಇಷ್ಟಕ್ಕೇ ಇದ್ದು, ಕೈ ಕೊಡವಿದರೆ ಹಗುರಾಗುತ್ತದೆ ಅಂತಾದರೆ ಅದು ಹೆಚ್ಚಾಗಿ ಕಾರ್ಪಲ್ ಟನಲ್. ಮಣಿಕಟ್ಟಿನೊಳಗಿನ ಇಕ್ಕಟ್ಟು ದಾರಿಯಲ್ಲಿ ಬೆರಳು ಮಡಚುವ 9 ಸ್ನಾಯುರಜ್ಜುಗಳ ಜೊತೆ ಮೀಡಿಯನ್ ನರವೂ ಹಾಯುತ್ತದೆ. ಬಸುರಿಯ ಮೈಯಲ್ಲಿ ನೀರು ನಿಂತು ಆ ನರ ಒತ್ತಿಕೊಳ್ಳುತ್ತದೆ. ದಿನ ತುಂಬುತ್ತ ಬಂದಂತೆ ಹೆಚ್ಚಾಗುವುದುಂಟು. ಹೆರಿಗೆಯ ನಂತರ ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ಹೆಚ್ಚಿನವರಿಗೆ ತಾನೇ ಇಳಿಯುತ್ತದೆ. ನಿನ್ನ ಕೈ ಸೋತುಹೋಗಿದೆ ಎಂದು ತಿಳಿಯಬೇಡ.

ಇದನ್ನೆಲ್ಲ ನಾನು ಕಲಿತದ್ದು ನನ್ನ ಅಮ್ಮನ, ಅಂದರೆ ನಿನ್ನ ಅಜ್ಜಿಯ, ಕೈಯಿಂದ. ಬಾಳೆನಾರು ಬೆರಳಿಗೆ ಬಿಗಿದು ಮಲ್ಲಿಗೆ ಕಟ್ಟುತ್ತಿದ್ದಳು. ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬರಬರುತ್ತ ಮೊಗ್ಗು ಬೆರಳಿಗೆ ತಾಗಿದ್ದೇ ಗೊತ್ತಾಗದೆ ಕಣ್ಣಿಂದ ನೋಡಿ ನೋಡಿ ಕಟ್ಟುವಂತಾಯಿತು. ವಾಯು ಎಂದು ಎಣ್ಣೆ ತಿಕ್ಕಿದರು. ನಿನ್ನ ಸಣ್ಣ ಮಾವ ಹುಟ್ಟಿದಾಗ ಅವಳು ಅವನನ್ನು ಎತ್ತಿಕೊಂಡು ನಡೆಯುತ್ತಲೇ ಇರಲಿಲ್ಲ. ಗೋಡೆಗೆ ಒರಗಿ ಕೂತು, ನನ್ನ ಕೈಯಿಂದ ಮಡಿಲಿಗೆ ಹಾಕಿಸಿಕೊಳ್ಳುತ್ತಿದ್ದಳು. ಮನೆಯವರು ಉದಾಸೀನ ಎಂದರು. ಅವಳಿಗೂ ನಿನ್ನದೇ ಹೆದರಿಕೆ ಇತ್ತೋ ಏನೋ, ಯಾರೂ ಕೇಳಲಿಲ್ಲ. ಆ ಸಂಕಟ ನನಗೆ ಈಗಲೂ ಉಂಟು. ಕಡೆಗೆ ಮಣಿಪಾಲಕ್ಕೆ ಕರಕೊಂಡು ಹೋಗುವಾಗ ಹೆಬ್ಬೆರಳ ಬುಡದ ಮಾಂಸವೇ ಕರಗಿ ಗುಳಿ ಬಿದ್ದಿತ್ತು. ಆಪರೇಷನ್ ಆಯಿತು, ರಾತ್ರಿಯ ನೋವು ಹೋಯಿತು, ಹೋದ ಬಲ ಪೂರ್ತಿ ಬರಲಿಲ್ಲ.

ಆದರೆ ಮಗು ಬೀಳಲಿಲ್ಲ ಮಗಳೇ. ಒಮ್ಮೆಯೂ ಬೀಳಲಿಲ್ಲ.

ನಾನು ಡಾಕ್ಟರಲ್ಲ, ಹೇಳುವುದು ಹೆಚ್ಚಾಯಿತೋ ಏನೋ. ಮಣಿಕಟ್ಟು ನೆಟ್ಟಗೆ ನಿಲ್ಲಿಸುವ ಸ್ಪ್ಲಿಂಟ್ ಸಿಗುತ್ತದೆ, ರಾತ್ರಿ ಅದನ್ನು ಕಟ್ಟಿ ಮಲಗು. ಕೈ ಮಡಚಿ ಕೆನ್ನೆಯಡಿ ಇಡುವ ನಿನ್ನ ಅಭ್ಯಾಸ ಸದ್ಯಕ್ಕೆ ಬೇಡ. ನೋವಿನ ಮಾತ್ರೆ ಡಾಕ್ಟರನ್ನು ಕೇಳದೆ ನುಂಗಬೇಡ. ಸಕ್ಕರೆ, ಥೈರಾಯ್ಡ್ ನೋಡಿದ್ದಾರಾ ಎಂದು ವಿಚಾರಿಸು. ಜೋಮು ಹಗಲಿಡೀ ಬಿಡದಿದ್ದರೆ ಮುಂದಿನ ಚೆಕಪ್ಪಿನ ತನಕ ಕಾಯಬೇಡ. ಮುಖವೂ ಊದಿ, ತಲೆ ಸಿಡಿದು, ಕಣ್ಣು ಮಂಜಾದರೆ ಅದು ಬೇರೆಯೇ ವಿಷಯ, ಆಗಿಂದಾಗಲೇ ಆಸ್ಪತ್ರೆಗೆ ಹೋಗು.

ಮತ್ತೆ ಆ ಮಾತಿಗೇ ಬರುತ್ತೇನೆ. ಮಗುವನ್ನು ಬೆರಳ ಬಲದಲ್ಲಿ ಎತ್ತುವುದಲ್ಲ. ಮುಂದೋಳಿನ ಮೇಲೆ ಮಲಗಿಸಿಕೊಂಡು ಎದೆಗೆ ಒತ್ತಿಕೊಳ್ಳುವುದು. ಹಾಲು ಕೊಡುವಾಗ ಮಡಿಲಿಗೆ ದಿಂಬು ಇಟ್ಟರೆ ಕೈಗೆ ಭಾರವೇ ಇಲ್ಲ. ಬಾಣಂತನಕ್ಕೆ ನಾನೇ ಬರುತ್ತೇನೆ, ರಾತ್ರಿ ನಿನ್ನ ಪಕ್ಕದಲ್ಲೇ ಮಲಗುತ್ತೇನೆ, ಎತ್ತಿ ಕೊಡಲು. ಡಾಕ್ಟರು ಏನೆಂದರು ಎಂದು ಅದೇ ದಿನ ಫೋನ್ ಮಾಡು.

ಇತಿ ನಿನ್ನ
ದೊಡ್ಡಮ್ಮ