ತಾತನ ಲಿಬರೇಟರ್ ಮೂರು ಚಕ್ರದ ಮೇಲೆ ನಿಂತಿತು

ಮೊನ್ನೆ ಭಾನುವಾರ ರಾತ್ರಿ ನನ್ನ ಲಿಬರೇಟರ್ ಬಾಂಬರ್ ವಿಮಾನದ ಮಾಡೆಲ್ ಮುಗಿಯಿತು. ಬಾಲದಲ್ಲಿ ನೆಟ್ಟಗೆ ನಿಲ್ಲುವ ಎರಡು ರೆಕ್ಕೆಗಳ (ಫಿನ್) ಮೇಲೂ ಕೇಸರಿ, ಬಿಳಿ, ಹಸಿರಿನ ಪಟ್ಟಿ ಕೂತಿತು. ಕೈ ಬಿಟ್ಟೆ, ಮೂರು ಚಕ್ರದ ಮೇಲೆ ತಾನಾಗಿ ನಿಂತಿತು. 1:72 ಅಳತೆಯ, ಅಂದರೆ ನಿಜವಾದದ್ದರ 72ರಲ್ಲಿ ಒಂದು ಪಾಲಿನ ಪ್ಲಾಸ್ಟಿಕ್ ಮಾಡೆಲ್, ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 46 ಸೆಂಟಿಮೀಟರ್. ಹಿಡಿದದ್ದು 19 ತಿಂಗಳು. ಇದರ ಹಿಂದೆ ಎಷ್ಟು ಜನರ ಕೈ ಇದೆ ಅನ್ನೋದನ್ನು ಎಲ್ಲರೆದುರಿಗೆ ಹೇಳಲೇಬೇಕು ಅನ್ನಿಸಿತು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ಈಗ ಇಲ್ಲದ ತಾತನಿಗೆ. ಅಮ್ಮನ ಅಪ್ಪ. ಬೆಂಗಳೂರಿನ ಎಚ್‌ಎಎಲ್ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಆ ಕಾರ್ಖಾನೆ ಅಮೆರಿಕದ ವಾಯುಸೇನೆಯ 84ನೇ ಏರ್ ಡಿಪೋ ಆಗಿತ್ತು. ಪೆಟ್ಟು ತಿಂದ, ಸವೆದ ವಿಮಾನಗಳು ರಿಪೇರಿಗೆ ಬರುತ್ತಿದ್ದವು. ತಾತ ಕೆಲಸ ಕಲಿತದ್ದು ಅಲ್ಲೇ. ಆದರೆ ಅವರು ಸಾಯುವವರೆಗೂ ಹೇಳುತ್ತಿದ್ದ ಕಥೆ ಯುದ್ಧದ್ದಲ್ಲ, ಯುದ್ಧ ಮುಗಿದ ಮೇಲಿನದು.

ಬ್ರಿಟಿಷರು ಹೊರಡುವಾಗ ಅಮೆರಿಕದಿಂದ ಎರವಲು ಪಡೆದಿದ್ದ ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಕಾನ್ಪುರದ ಚಕೇರಿಯಲ್ಲಿ ಬಿಟ್ಟುಹೋದರು. ಸುಮ್ಮನೆ ಬಿಡಲಿಲ್ಲ, ಇನ್ನೆಂದೂ ಹಾರಬಾರದು ಅಂತ ಬೇಕೆಂದೇ ಕೆಡಿಸಿ ಬಿಟ್ಟರು. ಎಂಜಿನ್‌ಗಳಿಗೆ ಮರಳು ಸುರಿದರು, ಮೈಗೆ ಲಾರಿ ಗುದ್ದಿಸಿದರು. 1948ರಲ್ಲಿ ಎಚ್‌ಎಎಲ್‌ನವರು ಆ ರಾಶಿಯ ಮುಂದೆ ನಿಂತು, ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಹಾಕಿ, ಒಂದು ಸಲ ಹಾರುವಷ್ಟು ಮಾತ್ರ ಸರಿಮಾಡಿದರು. ಆ ಒಂದೊಂದನ್ನೂ ಕಾನ್ಪುರದಿಂದ ಬೆಂಗಳೂರಿಗೆ ಹಾರಿಸಿಕೊಂಡು ಬಂದವರು ಎಚ್‌ಎಎಲ್‌ನ ಪೈಲಟ್ ಜಮ್‌ಶೆಡ್ ಮುನ್ಷಿ. 42 ವಿಮಾನ, 42 ಸಲ. ಇಲ್ಲಿ ಅವುಗಳನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿದರು. ಆ ವರ್ಷದ ನವೆಂಬರ್ 2ಕ್ಕೆ ನಮ್ಮ ವಾಯುಪಡೆಯ 5ನೇ ಸ್ಕ್ವಾಡ್ರನ್ ಲಿಬರೇಟರ್‌ಗಳೊಂದಿಗೆ ಶುರುವಾಯಿತು. ಇನ್ನು ಹಾರಬಾರದು ಅಂತ ಬಿಟ್ಟುಹೋದವು 1968ರವರೆಗೂ ಹಾರಿದವು. ಇವತ್ತು ಬ್ರಿಟನ್, ಕೆನಡಾ, ಅಮೆರಿಕದ ಮ್ಯೂಸಿಯಂಗಳಲ್ಲಿರುವ ಲಿಬರೇಟರ್‌ಗಳಲ್ಲಿ ಕೆಲವು ಇಲ್ಲಿಂದಲೇ ಹೋದವು. ಕೆಡಿಸಿದವರ ದೇಶಕ್ಕೇ 1974ರಲ್ಲಿ ಒಂದು ಹಾರಿಕೊಂಡು ಹೋಯಿತು. ತಾತನಿಗೆ ಇದನ್ನು ಹೇಳುವಾಗ ದನಿ ಏರುತ್ತಿತ್ತು. ನನಗೂ ಏರುತ್ತದೆ.

ಹೀಗಾಗಿ ಮಾಡೆಲ್ ಮಾಡಿದರೆ ಲಿಬರೇಟರ್, ಅದೂ ನಮ್ಮ ವಾಯುಪಡೆಯದ್ದು ಅಂತ ಮೊದಲೇ ನಿರ್ಧರಿಸಿದ್ದೆ. ಕಿಟ್ ತಂದು, ಕಾಕ್‌ಪಿಟ್ಟಿಗೆ ಹಸಿರು ಬಳಿದು, ಒಡಲಿನ ಎರಡು ಹೋಳು ಜೋಡಿಸುವ ಹೊತ್ತಿಗೆ ನನಗೆ ಸ್ಟ್ರೋಕ್ ಆಯಿತು. ಬಲಗೈ ಬೆರಳುಗಳು ನನ್ನ ಮಾತು ಕೇಳುವುದನ್ನು ನಿಲ್ಲಿಸಿದವು. 26 ವರ್ಷ ಬೋರ್ಡಿನ ಮೇಲೆ ಬರೆದ ಕೈ, ತಟ್ಟೆಯ ಅನ್ನ ಕಲಸಲಾರದೆ ಹೋಯಿತು. ಡಬ್ಬಿ ಅಟ್ಟಕ್ಕೆ ಹೋಯಿತು.

ಏಳು ತಿಂಗಳ ಮೇಲೆ ಅದನ್ನು ಇಳಿಸಿದ್ದು ನನ್ನ ಫಿಜಿಯೋಥೆರಪಿಯ ಹುಡುಗಿಯ ಮಾತಿನಿಂದ. ಅಷ್ಟು ದಿನ ಅವಳು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಕಡಲೆಕಾಳು ಎತ್ತಿ ಹಾಕಿಸುತ್ತಿದ್ದಳು. ಒಂದು ದಿನ ನಾನು ಸಾಕು ಅಂತ ಬಟ್ಟಲು ತಳ್ಳಿಬಿಟ್ಟೆ. ಬೇಜಾರು ಮಾಡಿಕೊಳ್ಳಲಿಲ್ಲ. "ಟೀಚರ್, ನಿಮಗೆ ಇಷ್ಟದ ಕೆಲಸ ಯಾವುದಿದೆ ಮನೆಯಲ್ಲಿ? ಅದನ್ನೇ ತನ್ನಿ, ಅದರಲ್ಲೇ ಮಾಡೋಣ" ಅಂದಳು. ಲಿಬರೇಟರ್‌ಗೆ ನಾಲ್ಕು ಎಂಜಿನ್, ಒಂದೊಂದಕ್ಕೂ 14 ಸಿಲಿಂಡರ್. 56 ಸಿಲಿಂಡರ್‌ಗಳಿಗೂ ಬಲಗೈಯಲ್ಲೇ ಬ್ರಷ್ ಹಿಡಿಸಿ ಬಣ್ಣ ಹಚ್ಚಿಸಿದಳು. ಮೊದಲ ಎಂಜಿನ್‌ಗೆ 11 ದಿನ ಬೇಕಾಯಿತು, ನಾಲ್ಕನೆಯದು ಒಂದು ಮಧ್ಯಾಹ್ನಕ್ಕೆ ಮುಗಿಯಿತು. ಮಗಳೇ, ನನ್ನ ಹೆಸರು ಬರೆಯಬೇಡಿ ಅಂತ ನೀನು ಅಂದೆ, ನಾನು ಬರೆದಿಲ್ಲ. ಇದು ನಿನಗೇ ಅಂತ ನಿನಗೆ ಗೊತ್ತಾಗುತ್ತದೆ.

ನಮ್ಮ ಯಜಮಾನರಿಗೆ ವಿಮಾನದ ಗೀಳಿಲ್ಲ. ಆದರೂ ಬ್ಯಾಂಕಿನಿಂದ ಬಂದು, ಕಾಫಿ ಕುಡಿದು, ನಾನು ಉಜ್ಜಬೇಕಾದ ಭಾಗವನ್ನು ಅಲ್ಲಾಡದಂತೆ ಹಿಡಿದು ಕೂರುತ್ತಿದ್ದರು. ಒಡಲಿನ ಜೋಡಣೆಯ ಗೆರೆ ಕಾಣದಂತೆ ಪುಟ್ಟಿ ತುಂಬಿ 400, 800, ಆಮೇಲೆ 1500ರ ಎಮರಿ ಪೇಪರ್ ಹಾಕಬೇಕು. ಬೆಳ್ಳಿ ಬಣ್ಣದ ಕೆಳಗೆ ಕೂದಲೆಳೆಯಷ್ಟು ಗೆರೆ ಉಳಿದರೂ ಎದ್ದು ಕಾಣುತ್ತದೆ. ಎರಡು ಸಲ ಕಂಡಿತು. ಎರಡು ಸಲವೂ ಬಣ್ಣ ತೆಗೆದು ಮೊದಲಿನಿಂದ ಶುರು. ಒಂದು ದಿನವೂ "ಇಷ್ಟು ಸಾಕಲ್ವಾ" ಅನ್ನಲಿಲ್ಲ ಅವರು.

ಮೂತಿ ಭಾರವಿಲ್ಲದಿದ್ದರೆ ಈ ಮಾಡೆಲ್ ಹಿಂದಕ್ಕೆ ಬಾಗಿ ಬಾಲದ ಮೇಲೆ ಕೂತುಬಿಡುತ್ತದೆ. ಒಳಗೆ ಸೀಸ ತುಂಬಬೇಕು. ಮೀನಿನ ಗಾಳದ ಸಾಮಾನು ಮಾರುವ ಅಂಗಡಿಯವರನ್ನು ಕೇಳಿದೆ. ಯಾಕೆ ಅಂತ ವಿಚಾರಿಸಿ, ಸೀಸದ ಗುಂಡುಗಳನ್ನು ಒಂದೊಂದಾಗಿ ತೂಗಿ ಕೊಟ್ಟರು, ದುಡ್ಡು ಮುಟ್ಟಲಿಲ್ಲ. "ನಿಂತ ಮೇಲೆ ಫೋಟೋ ತೋರಿಸಿ" ಅಂದಿದ್ದರು. ನಿಂತಿದೆ ಸಾರ್, ಈ ವಾರವೇ ಬಂದು ತೋರಿಸುತ್ತೇನೆ.

ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಮತ್ತು ಅದರ ಕಂಪ್ರೆಸರ್ ಎರವಲು ಕೊಟ್ಟು, ಮೊದಲು ಹೊಳೆಯುವ ಕಪ್ಪು ಹೊಡೆದು ಅದರ ಮೇಲೆ ಅಲ್ಯೂಮಿನಿಯಂ ಹೊಡೆಯಬೇಕು ಅಂತ ಕೂತು ಕಲಿಸಿದ ಗೆಳತಿಗೆ, ಗಾಜಿನ ಭಾಗಕ್ಕೆ ಸೂಪರ್ ಗ್ಲೂ ಹಾಕಿದರೆ ಮಂಜು ಕವಿಯುತ್ತದೆ, ಫೆವಿಕಾಲ್ ಹಾಕು ಎಂದು ಸಮಯಕ್ಕೆ ತಡೆದ ಅವಳ ಮಗನಿಗೆ, ಥಿನ್ನರ್ ವಾಸನೆ ಸಹಿಸಿಕೊಂಡ ಪಕ್ಕದ ಮನೆಯವರಿಗೆ ಕೈಮುಗಿಯುತ್ತೇನೆ.

ನಮ್ಮ ವಾಯುಪಡೆಯ ಗುರುತುಗಳು ನನ್ನ ಕಿಟ್‌ನಲ್ಲಿ ಇರಲಿಲ್ಲ. ದಿಲ್ಲಿಯಲ್ಲಿರುವ ಅಣ್ಣನ ಮಗ ರಜೆಯ ದಿನ ಪಾಲಂನ ವಾಯುಪಡೆ ಮ್ಯೂಸಿಯಂಗೆ ಹೋಗಿ, ಅಲ್ಲಿರುವ HE924 ನಂಬರಿನ ಲಿಬರೇಟರ್‌ನ ಫೋಟೋ ತೆಗೆದು ಕಳಿಸಿದ. ಬಿಸಿಲಲ್ಲಿ ಸುತ್ತಿ ಸುತ್ತಿ 140 ಫೋಟೋ. ಬಾಂಬ್ ಇಡುವ ಗೂಡಿನ ಬಾಗಿಲು ಕೆಳಕ್ಕೆ ತೆರೆಯುವುದಿಲ್ಲ, ಅಂಗಡಿಯ ಶಟರ್ ಹಾಗೆ ಮೈಗುಂಟ ಮೇಲಕ್ಕೆ ಸರಿಯುತ್ತದೆ ಅಂತ ತಾತ ಹೇಳುತ್ತಿದ್ದದ್ದು ಆ ಫೋಟೋಗಳಲ್ಲಿ ಅರ್ಥವಾಯಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪ್ರಿಂಟಿಂಗ್ ಪ್ರೆಸ್ ಇಟ್ಟಿದ್ದಾನೆ. ಕೇಸರಿ ಸರಿ ಬರುವವರೆಗೆ ಐದು ಸಲ ಡೀಕಾಲ್ (ಮೈಗೆ ಅಂಟಿಸುವ ತೆಳು ಚಿತ್ರ) ಅಚ್ಚು ಹಾಕಿಕೊಟ್ಟ. ನೀರಲ್ಲಿ ನೆನೆಸಿ, ಕಾಗದದಿಂದ ಜಾರಿಸಿ, ಚಿಮಟದಲ್ಲಿ ಹಿಡಿದು ರೆಕ್ಕೆಯ ಮೇಲೆ ಕೂರಿಸುವಾಗ ವಾಯುಪಡೆಯ ಗುರುತಿನ ಆ ವೃತ್ತ ಒದ್ದೆ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ. ಕೈ ನಡುಗಿದರೆ ಮಡಚಿಕೊಳ್ಳುತ್ತದೆ. ಆರನ್ನೂ ಬಲಗೈಯಲ್ಲೇ ಕೂರಿಸಿದೆ.

ಕೊನೆಗೆ ಅಮ್ಮ. ಎಂಬತ್ತೆರಡು ವರ್ಷ, ಕಣ್ಣು ಮಂಜು. ಭಾನುವಾರ ರಾತ್ರಿ ಮಾಡೆಲನ್ನು ಅವರ ಮುಂದಿಟ್ಟೆ. ರೆಕ್ಕೆಯ ಮೇಲೆ ಬೆರಳು ಹರಿಸುತ್ತಾ ಬಂದು ಎಂಜಿನ್ ಹತ್ತಿರ ನಿಲ್ಲಿಸಿದರು. "ಅಪ್ಪ ಕಾರ್ಖಾನೆಯಿಂದ ಬಂದಾಗ ಅಂಗಿಯಲ್ಲಿ ಎಣ್ಣೆ ವಾಸನೆ ಇರ್ತಿತ್ತು, ಎಷ್ಟು ಒಗೆದರೂ ಹೋಗ್ತಿರ್ಲಿಲ್ಲ" ಅಂದರು. ಆಮೇಲೆ ಒಳಗೆ ಹೋಗಿ ತಮ್ಮ ಹಳೆಯ ಮಲ್ ಸೀರೆಯ ತುಂಡೊಂದನ್ನು ತಂದರು. ಈಗ ದಿನಾ ರಾತ್ರಿ ಮಲಗುವ ಮುಂಚೆ ವಿಮಾನದ ಮೇಲೆ ಅದನ್ನು ಹೊದಿಸುತ್ತಾರೆ, ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ಬಂದು ತೆಗೆಯುತ್ತಾರೆ.